ತಾಗಿತು ಅಂತ ಹೇಳದ ಭಾನುವಾರ

ಮಾರ್ಚ್ ಒಂಬತ್ತು, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಸೂಜಿ,

ಹೇಗಿದ್ದೀಯ? ಹೊಸ ಕೆಲಸ ಮೈಗೆ ಹತ್ತಿತೇ? ನಾಟಕದವರ ಬಟ್ಟೆ ಕತ್ತರಿಸುವುದು ಅಂಗಿ ಕಾರ್ಖಾನೆಯ ಕತ್ತರಿಗಿಂತ ಖುಷಿ ಎಂದು ಬರೆದಿದ್ದೀಯ, ಓದಿ ಸಮಾಧಾನವಾಯಿತು. ನಿನ್ನ ಕಾಗದ ಬಂದು ಮೂರು ವಾರ. ತಡವಾದದ್ದಕ್ಕೆ ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದು, ಅದು ಸುಳ್ಳೂ ಅಲ್ಲ. ಊರಿನವರೆಲ್ಲ ಮಾತಾಡಿಕೊಂಡು ಒಟ್ಟಿಗೇ ಹಲ್ಲು ಉದುರಿಸಿಕೊಂಡ ಹಾಗೆ ಹಲ್ಲಿನ ಡಾಕ್ಟರುಗಳು ದಿನಕ್ಕೆ ಹತ್ತು ಹತ್ತು ಅಚ್ಚು ಕಳಿಸುತ್ತಿದ್ದಾರೆ. ಮೇಣ, ಪುಡಿ, ಗುಲಾಬಿ ಬಣ್ಣದ ಒಸಡು, ಇದರಲ್ಲೇ ದಿನ ಮುಗಿಯುತ್ತದೆ. ಆದರೂ ಮೂರು ಸಲ ಕಾಗದ ಹಿಡಿದು ಕೂತಿದ್ದೆ. ಮೂರು ಸಲವೂ 'ನಾವು ಕ್ಷೇಮ' ಎಂದು ಬರೆದು ಅಲ್ಲಿಗೇ ಎದ್ದೆ. ಮುಂದಿನ ಸಾಲು ಬರಲಿಲ್ಲ.

ನಾವು ಕ್ಷೇಮವೇ. ನಿನ್ನ ಭಾವನಿಗೆ ಆಸ್ಪತ್ರೆಯ ಮೂರು ಲಿಫ್ಟುಗಳ ಉಸ್ತುವಾರಿ ಸಿಕ್ಕಿದೆ. ಮೂರರಲ್ಲಿ ಒಂದು ಯಾವಾಗಲೂ ಮುನಿಸಿಕೊಂಡಿರುತ್ತದಂತೆ, ಥೇಟ್ ನನ್ನ ಹಾಗೆ ಎನ್ನುತ್ತಾರೆ. ನೀನು ಮಲಗುತ್ತಿದ್ದ ಕೋಣೆಗೆ ಇಸ್ತ್ರಿ ಮೇಜು ವಾಪಸ್ಸು ಬಂದಿದೆ. ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ. ಲಿಫ್ಟು ರಿಪೇರಿ ಮಾಡುವವನಿಗೆ ನಲ್ಲಿ ಮುಟ್ಟುವುದು ಅವಮಾನವಂತೆ.

ಭಾನುವಾರ ಹತ್ತು ಗಂಟೆಗೆ ನಾನು ಮನೆಯಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ ಎಂದರೆ ನಿನಗೆ ಆಶ್ಚರ್ಯವಾಗಬೇಕು. ಆರು ವಾರದಿಂದ ನಾನು ಆ ಗುರಿಯಾಟದ ಹಾಲ್‌ಗೆ ಹೋಗಿಲ್ಲ. ಪಿಸ್ತೂಲು ಕಪಾಟಿನ ಪೆಟ್ಟಿಗೆಯಲ್ಲಿದೆ, ಬೀಗ ಹಾಕಿದೆ. ಅದಕ್ಕೆ ಕಾರಣ ಹೇಳಲೆಂದೇ ಈ ಕಾಗದ.

ಆ ಪಿಸ್ತೂಲು ನನಗೆ ಏನಾಗಿತ್ತು ಎಂದು ನಿನಗೆ ಯಾವತ್ತೂ ಸರಿಯಾಗಿ ಹೇಳಲೇ ಇಲ್ಲ. ನಲವತ್ತೆರಡು ವರ್ಷ ನಾನು ಕೊಂಡದ್ದೆಲ್ಲ ಬೇಕಾದ ಸಾಮಾನು: ಕುಕ್ಕರು, ಛತ್ರಿ, ಚಪ್ಪಲಿ. ಬರೀ ಆಟಕ್ಕೆ ಅಂತ, ನನ್ನೊಬ್ಬಳಿಗೇ ಅಂತ ಕೊಂಡ ಮೊದಲ ವಸ್ತು ಅದು. ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಮಾಡುವವಳು ಒಂದು ಭಾನುವಾರ ಬಲವಂತವಾಗಿ ಹಾಲ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಗುಂಡು ಹಾರಿಸುವ ಮೊಳದುದ್ದದ ಏರ್‌ಸಾಫ್ಟ್ ಬಂದೂಕು. ನಾನು ಮಾತ್ರ ಅಂಗೈಯಷ್ಟೇ ಇದ್ದ ಈ ಪುಟ್ಟದನ್ನು ಎತ್ತಿಕೊಂಡೆ. ದಿನವಿಡೀ ಹಲ್ಲು ಹಿಡಿಯುವ ಕೈಗೆ ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ಗುಂಡು ತುಂಬುವ ಮ್ಯಾಗಜಿನ್ನನ್ನು ತಲೆಕೆಳಗೆ ಮಾಡಿ ಡಬ್ಬಿಯಿಂದ ಗ್ಯಾಸ್ ತುಂಬಿದರೆ ಸುಸ್ ಎಂದು ಕೈ ತಣ್ಣಗಾಗುತ್ತದಲ್ಲ, ಹದಿನಾಲ್ಕು ಬಿಳಿ ಗುಂಡು ಒಂದೊಂದಾಗಿ ಒಳಗೆ ಇಳಿಯುತ್ತವಲ್ಲ, ಅಷ್ಟಕ್ಕೇ ನನಗೆ ವಾರದ ಆಯಾಸ ಇಳಿದುಹೋಗುತ್ತಿತ್ತು. ಚಳಿ ದಿನಗಳಲ್ಲಿ ಗ್ಯಾಸಿಗೆ ಕಸುವು ಇರುವುದಿಲ್ಲ ಎಂದು ಮ್ಯಾಗಜಿನ್ನನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದೆ. "ಮಗು ಸಾಕಿದ ಹಾಗೆ ಸಾಕ್ತಿದೀಯಲ್ಲೇ" ಎಂದು ನಿನ್ನ ಭಾವ ನಗುತ್ತಿದ್ದರು.

ಎರಡು ವರ್ಷ ನಾನು ಅಲ್ಲಿ ಸಾಧಾರಣದವಳಾಗಿಯೇ ಇದ್ದೆ. ಐದು ತಗಡಿನ ಡಬ್ಬಿಗಳಲ್ಲಿ ಮೂರು ಬೀಳಿಸುತ್ತಿದ್ದೆ. ನಾಲ್ಕು ಬಿದ್ದ ದಿನ ಹಾಲ್ ನಡೆಸುವ ಸೀಟಿ ಸಾರ್ ಉದ್ದಕ್ಕೆ ಸೀಟಿ ಊದಿದರು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಸಂತೋಷಕ್ಕೂ ಸೀಟಿ, ಸಿಟ್ಟಿಗೂ ಸೀಟಿ. ಆ ಸೀಟಿ ನನಗೆ ಒಂದು ವಾರ ಕಿವಿಯಲ್ಲಿತ್ತು.

ಆಮೇಲೆ ನೀನು ಬಂದೆ. ಕಾರ್ಖಾನೆ ಮುಚ್ಚಿ, ಒಂದು ಸೂಟ್‌ಕೇಸು ಹಿಡಿದು, ಮುಖ ಬಾಡಿಸಿಕೊಂಡು. ಮನೆಯಲ್ಲಿ ಒಬ್ಬಳೇ ಕೂತು ಕೊರಗುವುದು ಬೇಡ ಎಂದು ಹಾಲ್‌ಗೆ ಕರೆದೊಯ್ದವಳು ನಾನೇ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಕೈ ಹಿಡಿದು, "ಉಸಿರು ಬಿಡ್ತಾ ಒತ್ತು" ಎಂದು ಹೇಳಿಕೊಟ್ಟವಳೂ ನಾನೇ. ನೀನು ಐದಕ್ಕೆ ಐದೂ ಬೀಳಿಸಿದೆ. ತಿರುಗಿ ನನ್ನನ್ನು ನೋಡಿ, "ಅಕ್ಕಾ, ಇದು ಇಷ್ಟೇನಾ?" ಎಂದೆ.

ನೀನು ಜಂಬಕ್ಕೆ ಹಾಗೆ ಅನ್ನಲಿಲ್ಲ, ಗೊತ್ತು. ನಿಜವಾಗಿಯೂ ಕೇಳಿದ್ದೆ. ಆದರೆ ಆ 'ಇಷ್ಟೇನಾ' ನನ್ನ ಎರಡು ವರ್ಷದ ಭಾನುವಾರಗಳನ್ನೆಲ್ಲ ಗುಡಿಸಿ ಮೂಲೆಗೆ ಹಾಕಿತು. ಸೀಟಿ ಸಾರ್ ಓಡಿ ಬಂದು, "ಏನಮ್ಮಾ, ಇಷ್ಟು ದಿನ ತಂಗೀನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು. ನಾನೂ ನಕ್ಕೆ. ಹಲ್ಲು ಮಾಡುವವಳಿಗೆ ಹಲ್ಲು ತೋರಿಸುವುದು ಎಷ್ಟು ಹೊತ್ತಿನ ಕೆಲಸ?

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ. ಊಟದ ಮೇಜಿನಲ್ಲಿ ನಿನ್ನ ಭಾವ ನನ್ನನ್ನು ದಾಟಿ ನಿನ್ನ ಜೊತೆ ಮಾತಾಡತೊಡಗಿದರು. "ಆ ಕಂಬದ ಹಿಂದಿಂದ ಹೆಂಗೆ ಹೊಡೆದೆಯೇ ಮಾರಾಯ್ತಿ?" ಎಂದು ಕೇಳುವರು, ನೀನು ಉಪ್ಪಿನ ಡಬ್ಬಿ, ಲೋಟ, ಚಮಚ ಜೋಡಿಸಿ ತೋರಿಸುವೆ, ಇಬ್ಬರೂ ಬಿದ್ದು ಬಿದ್ದು ನಗುವಿರಿ. ನನಗೆ ಉಪ್ಪು ಬೇಕಿದ್ದರೂ ಕೇಳುತ್ತಿರಲಿಲ್ಲ. ಸಪ್ಪೆಯಾಗಿಯೇ ಉಣ್ಣುತ್ತಿದ್ದೆ. ಇಪ್ಪತ್ತು ವರ್ಷದಿಂದ ಊಟದ ಹೊತ್ತಿಗೆ 'ಹೂಂ', 'ಸಾಕು' ಎರಡೇ ಮಾತಾಡುತ್ತಿದ್ದ ಮನುಷ್ಯನ ಬಾಯಲ್ಲಿ ಅಷ್ಟೊಂದು ಮಾತು ಎಲ್ಲಿತ್ತು ಎಂದು ಬೆರಗಾಗುತ್ತಿದ್ದೆ. ತಪ್ಪು ತಿಳಿಯಬೇಡ. ನಿಮ್ಮಿಬ್ಬರ ಮೇಲೆ ಬೇರೆ ಥರದ ಅನುಮಾನ ಕನಸಿನಲ್ಲೂ ಬಂದಿಲ್ಲ. ಬಂದಿದ್ದರೆ ಜಗಳವಾದರೂ ಆಡಬಹುದಿತ್ತು. ನಗುವುದಕ್ಕೆ ಯಾರ ಮೇಲೆ ದೂರು ಕೊಡುವುದು?

ಒಂದು ಶನಿವಾರ ಪೆಟ್ಟಿಗೆ ತೆಗೆದರೆ, ನಿನಗೂ ಆಡಲು ಕೊಡುತ್ತಿದ್ದ ನನ್ನ ಪಿಸ್ತೂಲಿನ ಹಿಡಿಗೆ ಕಪ್ಪು ಬಟ್ಟೆಯ ಟೇಪು ಸುತ್ತಿತ್ತು. ಅಚ್ಚುಕಟ್ಟಾಗಿ, ಒಂದು ಸುಕ್ಕಿಲ್ಲದೆ, ನಿನ್ನ ಕೈಕೆಲಸವೇ. ಹಿಡಿದು ನೋಡಿದೆ. ನಿನ್ನ ಉದ್ದ ಬೆರಳಿಗೆ ಸರಿಹೊಂದುವ ಹಾಗಿತ್ತು, ನನ್ನ ಕೈಗೆ ದಪ್ಪ. ನಿನ್ನನ್ನು ಕೇಳಿದ್ದಕ್ಕೆ, "ಜಾರ್ತಿತ್ತು ಅಕ್ಕ, ಅದಕ್ಕೇ ಸುತ್ತಿದೆ. ಚೆನ್ನಾಗಿದೆ ಅಲ್ವಾ?" ಎಂದೆ. ನಾನೂ ಚೆನ್ನಾಗಿದೆ ಎಂದೆ. ನೀನು ಸ್ನಾನಕ್ಕೆ ಹೋದಾಗ ಟೇಪನ್ನು ಉಗುರಿನಿಂದ ಕಿತ್ತು ಕಿತ್ತು ತೆಗೆದೆ. ಆಮೇಲೆ, ವಾಲ್ವಿನಲ್ಲಿ ಗ್ಯಾಸು ಸೋರುತ್ತಿದೆ, ಇನ್ನು ಕೆಲವು ವಾರ ನೀನು ಹಾಲ್‌ನ ಬಾಡಿಗೆ ಪಿಸ್ತೂಲನ್ನೇ ತಗೋ ಎಂದೆ. ವಾಲ್ವಿಗೆ ಏನೂ ಆಗಿರಲಿಲ್ಲ, ಸೂಜಿ. ಮರುದಿನವೇ ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಡಿದೆ. ನೀನು ನೋಡಿದೆ. "ಓ, ಸರಿಹೋಯ್ತಾ?" ಎಂದೆಯಷ್ಟೆ.

ಇನ್ನು ಜನವರಿಯ ಕೊನೇ ಭಾನುವಾರ. ಸೀಟಿ ಸಾರ್ ಎರಡು ಪಾರ್ಟಿ ಮಾಡಿ ನಮ್ಮಿಬ್ಬರನ್ನು ಎದುರಾಬದುರಾ ಹಾಕಿದರು. ಎಂದಿನಂತೆ ನಿಯಮ ಹೇಳಿದರು: "ಇಲ್ಲಿ ಅಂಪೈರ್ ಇಲ್ಲ, ಕ್ಯಾಮೆರಾ ಇಲ್ಲ. ಯಾರಿಗೆ ತಾಗ್ತದೋ ಅವರೇ ಕೈ ಎತ್ತಿ 'ತಾಗಿತು' ಅನ್ಬೇಕು. ಅಷ್ಟು ಹೇಳೋಕಾಗದೋರು ಈಗಲೇ ಇಳೀರಿ." ಒಬ್ಬೊಬ್ಬರೇ ಕೈ ಎತ್ತಿ ಹೊರಗೆ ಹೋದರು. ಕೊನೆಗೆ ನೀನು, ನಾನು. ಮರದ ಪೆಟ್ಟಿಗೆಗಳ ಹಿಂದೆ ನಾನು ಮಂಡಿಯೂರಿದ್ದೆ. ಗ್ಯಾಲರಿಯಿಂದ ನಿನ್ನ ಭಾವ ಕೂಗಿದ್ದು ಕೇಳಿಸಿತು: "ಬಿಡ್ಬೇಡ ಸೂಜಿ!"

ನನ್ನ ಹೆಸರು ಹಿಡಿದು ಅವರು ಒಂದು ಸಲವೂ ಕೂಗಿರಲಿಲ್ಲ.

ಎದ್ದು ಗುರಿಯಿಟ್ಟೆ. ಅಷ್ಟರಲ್ಲಿ ನಿನ್ನ ಗುಂಡು ನನ್ನ ಎಡ ಮೊಣಕೈಯ ಕೆಳಗೆ ಬಡಿಯಿತು. ಜಾಕೀಟಿನ ಮೇಲೆ ಪಟ್ ಎಂದಿತು. ಇರುವೆ ಕಚ್ಚಿದಂತಲ್ಲ, ಚೆನ್ನಾಗಿಯೇ ತಾಗಿತು. ಕೈ ಎತ್ತಬೇಕಿತ್ತು. ಎತ್ತಲಿಲ್ಲ. ಟ್ರಿಗರ್ ಒತ್ತಿದೆ. ನಿನ್ನ ಎದೆಗೆ ತಾಗಿತು. ನೀನು ತಕ್ಷಣ ಎರಡೂ ಕೈ ಎತ್ತಿ, "ತಾಗಿತು! ತಾಗಿತು! ಅಕ್ಕ ಗೆದ್ಲು!" ಎಂದು ಕುಣಿದೆ. ಸೀಟಿ, ಚಪ್ಪಾಳೆ. ಎಲ್ಲರೂ ಬಂದು ನನ್ನ ಬೆನ್ನು ತಟ್ಟಿದರು. ಬಾಗಿಲ ಹತ್ತಿರ ಕನ್ನಡಕ ಬಿಚ್ಚುವಾಗ ನೀನು ಮೆಲ್ಲಗೆ ಕೇಳಿದೆ:

"ಅಕ್ಕ, ನಂದು ನಿಂಗೆ ತಾಗ್ಲಿಲ್ವಾ?"

"ಇಲ್ವಲ್ಲ."

"ಹೌದಾ? ಸರಿ ಬಿಡು."

ಒಂಬತ್ತು ದಿನಕ್ಕೆ ನೀನು ಸೂಟ್‌ಕೇಸು ತುಂಬಿಕೊಂಡೆ. ಕೆಲಸ ಸಿಕ್ಕಿತ್ತು, ನಿಜ. ಆದರೆ ತಿಂಗಳ ಕೊನೆಗೆ ಸೇರಿದರೂ ಸಾಕಿತ್ತೆಂದು ನೀನೇ ಹಿಂದೆ ಹೇಳಿದ್ದೆ. ನಾನೂ ಇರು ಎನ್ನಲಿಲ್ಲ. ಬಸ್ಸು ಹೊರಟ ಮೇಲೆ ಹಾಯೆನಿಸಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆ ನಿರಾಳ ಮನೆಗೆ ಬಂದು ಬೀಗ ತೆಗೆಯುವಷ್ಟರಲ್ಲಿ ಮುಗಿದಿತ್ತು.

ಅದಕ್ಕೇ ಈಗ ಹೇಳುತ್ತಿದ್ದೇನೆ. ತಾಗಿತು, ಸೂಜಿ. ನಿನ್ನ ಗುಂಡು ಮೊದಲು ತಾಗಿತು. ಗೆದ್ದವಳು ನೀನು. ಹೋದ ಭಾನುವಾರ ಸೀಟಿ ಸಾರ್‌ಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವರು, "ಒಂದೆರಡು ತಿಂಗಳು ಬರಬೇಡಿ ಅಮ್ಮ. ಆಮೇಲೆ ಬನ್ನಿ, ಖಂಡಿತ ಬನ್ನಿ" ಎಂದರು. ಬುಧವಾರ ನಿನ್ನ ಭಾವನಿಗೂ ಹೇಳಿದೆ. ಅವರು ಏನೆಂದರು ಎಂಬುದು ಇಲ್ಲಿ ಬೇಡ.

ಪಿಸ್ತೂಲನ್ನು ನಿನಗೆ ಕಳಿಸಿಬಿಡೋಣ ಎಂದುಕೊಂಡಿದ್ದೆ. ಮನಸ್ಸು ಬರಲಿಲ್ಲ. ದೊಡ್ಡಸ್ತಿಕೆ ತೋರಿಸುವುದಕ್ಕೂ ಹೊಟ್ಟೆಕಿಚ್ಚು ಬಿಡುವುದಿಲ್ಲ ನೋಡು. ನೀನು ಬಂದಾಗ ಇಬ್ಬರೂ ಸರದಿಯಲ್ಲಿ ಆಡೋಣ. ಟೇಪು ಬೇಕಿದ್ದರೆ ಸುತ್ತಿಕೋ. ನನ್ನ ಸರದಿಗೆ ನಾನು ಬಿಚ್ಚಿಕೊಳ್ಳುತ್ತೇನೆ.

ಕತ್ತರಿ ಹಿಡಿಯುವ ಕೈ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬಟ್ಟೆ ತೊಟ್ಟವರಿಗೆಲ್ಲ ಚಪ್ಪಾಳೆ ಸಿಗಲಿ, ನಿನಗೆ ಅದಕ್ಕಿಂತ ಹೆಚ್ಚು ಸಿಗಲಿ. ಇದು ಬಾಯಿಮಾತಿನ ಹಾರೈಕೆಯಲ್ಲ, ನಂಬು.

ನಿನ್ನ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು. ಬುಧವಾರ ನಿನ್ನ ಭಾವನಿಗೆ ಹೇಳಿದಾಗ ಅವರು ತಟ್ಟೆಯಿಂದ ತಲೆಯೆತ್ತದೆ, "ಗೊತ್ತು" ಎಂದರು. ಹೇಗೆ ಎಂದೆ. "ಹೊರಡೋ ದಿನ ಬಸ್ ಸ್ಟ್ಯಾಂಡಲ್ಲಿ ನೀನು ನೀರು ತರೋಕೆ ಹೋದಾಗ ಸೂಜೀನೇ ಹೇಳಿದ್ಲು. 'ನಿಮಗೆ ಗೊತ್ತಿದೆ ಅಂತ ಅಕ್ಕಂಗೆ ತೋರಿಸ್ಕೋಬೇಡಿ ಭಾವ, ಪಾಪ, ಅವಳಿಗೆ ಒಂದು ಸಲ ಗೆಲ್ಬೇಕಿತ್ತು' ಅಂದ್ಲು. ಅದಕ್ಕೇ ಸುಮ್ನಿದ್ದೆ." ನಾನು ನಿನಗೆ ಮಾಡಿದ ಮೋಸವನ್ನು ನೀವಿಬ್ಬರೂ ಸೇರಿ ಒಂದು ತಿಂಗಳು ನನ್ನಿಂದ ಮುಚ್ಚಿಟ್ಟಿರಿ, ನನ್ನ ಒಳ್ಳೆಯದಕ್ಕೇ. ನನಗೆ ಮೊದಲು ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮೊದಲು ಬಂದದ್ದು, ಇದನ್ನೂ ಅವಳು ನನಗೆ ಹೇಳದೆ ಅವರಿಗೆ ಹೇಳಿದಳಲ್ಲ ಎಂಬ ಉರಿ. ನೀನು ಆ ಬಾಗಿಲ ಹತ್ತಿರವೇ ನನ್ನ ತೋಳು ಹಿಡಿದು ಬೈದುಬಿಡಬೇಕಿತ್ತು, ಸೂಜಿ. ನನ್ನ ಜೊತೆ ಜಗಳಕ್ಕೂ ಬಾರದಷ್ಟು ದೂರದವಳು ನೀನು ಯಾವಾಗ ಆದೆ?