ಇಬ್ಬರ ಅಗಲದ ಕೌದಿ

ಬಸವಕಲ್ಯಾಣ
೧೬ ಡಿಸೆಂಬರ್ ೧೯೭೪

ತಮ್ಮ ವೈಜನಾಥ,

ನೀನು ಹುಮನಾಬಾದಿನಿಂದ ಊರಿಗೆ ಬರದೆ ಎರಡು ಚಳಿಗಾಲ ಕಳೆದವು. ಈ ಸಲ ಥಂಡಿ ಬೇಗ ಬಂದಿದೆ. ಮುಂಜಾನೆ ತ್ರಿಪುರಾಂತ ಕೆರೆಯ ಮೇಲೆ ಮಂಜು ಕೂತಿರುತ್ತದೆ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಬರುತ್ತದೆ, ಒಗೆಯುವವರು ಕಾಣುವುದಿಲ್ಲ. ಪಾಠ ಹೇಳಲು ಶಾಲೆಗೆ ಹೋಗುವಾಗ ನಾನೂ ಕಸ್ತೂರಿಯೂ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ನಾವೂ ಯಾರಿಗೂ ಕಾಣುವುದಿಲ್ಲ ಅನ್ನಿಸುತ್ತದೆ. ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. 'ಒಡಹುಟ್ಟಿದವರೂ ಹಿಂಗ ಇರಂಗಿಲ್ಲ ಬಿಡ್ರಿ' ಎಂದು ಓಣಿಯವರು ಹೊಗಳುತ್ತಾರೆ. ಪಕ್ಕದ ಮನೆಯ ಸರುಬಾಯಿ ಜಗಳವಾಡುವ ಸೊಸೆಯರಿಗೆ ನಮ್ಮನ್ನೇ ತೋರಿಸುತ್ತಾಳೆ.

ಆ ಕೌದಿಯ ಮಾತು ಬರೆಯಬೇಕು. ನಮ್ಮಲ್ಲಿ ಒಬ್ಬರು ಹೊದೆಯುವ ಕೌದಿ ಬೇರೆ, ಗಂಡಹೆಂಡಿರ ಕೌದಿ ಬೇರೆ. ಅಗಲ ನೋಡಿದರೆ ಸಾಕು. ಅಲ್ಲಿ ಮಾಣಿಕನಗರದ ನಿನ್ನ ಬಾಡಿಗೆ ಖೋಲಿಯಲ್ಲಿ ನಿನಗೂ ನಿನ್ನ ಗೆಳೆಯ ಬಸವಣಪ್ಪನಿಗೂ ಆಗಲೆಂದು ನಾನದನ್ನು ಹೊಲಿದೆ. ನೀನು ಕೇಳಿರಲಿಲ್ಲ. ಏನನ್ನೂ ಹೇಳಿರಲಿಲ್ಲ. ಅವನ ಹೆಸರು ಬಂದಾಗ ನಿನ್ನ ದನಿ ಇಳಿಯುತ್ತಿತ್ತು, ಅಷ್ಟೇ. ನನ್ನ ಕೈ ತನಗೆ ಗೊತ್ತಿದ್ದ ಅಳತೆಗೇ ಕತ್ತರಿಸಿತು.

ಹುಮನಾಬಾದಿಗೆ ಹೊರಟಿದ್ದ ಮಹಾರುದ್ರಪ್ಪ ಕಾಕಾನ ಕೈಯಲ್ಲಿ ಕೊಟ್ಟೆ. ಅವರು ಅಂಗಳದಲ್ಲಿ ಹರಡಿ, ಮೊಳ ಹಾಕಿ, 'ಒಬ್ಬಂವ ಇರೋ ಹುಡುಗಗ ಇಷ್ಟು ಅಗಲದ್ದು ಯಾಕವಾ?' ಎಂದರು. ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ, ಒಳಗೆ, ನಮ್ಮಿಬ್ಬರದೂ ಒಂದೇ ಹಾಸಿಗೆ. 'ಅಳತಿ ತಪ್ಪೇತಿ' ಎಂದಿದ್ದರೆ ಮುಗಿಯುತ್ತಿತ್ತು. 'ಅಂವನ ಇಷ್ಟು ಅಗಲ ಬೇಕಂತ ಹೇಳಿದ್ದ' ಎಂದುಬಿಟ್ಟೆ.

ಉಳಿದದ್ದು ನಿನಗೆ ಗೊತ್ತು. ಕಾಕಾ ಖೋಲಿಯಲ್ಲಿ ಒಂದೇ ಹಾಸಿಗೆ ಕಂಡದ್ದು, ಬಜಾರಕ್ಕೆಲ್ಲ ಕೇಳುವಂತೆ ಕೂಗಿದ್ದು, ಬಸವಣಪ್ಪನ ಮನೆಯವರು ಅವನನ್ನು ತಮ್ಮೂರು ಮುಡಬಿಗೆ ಎಳೆದೊಯ್ದು ಎಂಟೇ ದಿನದಲ್ಲಿ ಅವನ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಹಾಕಿಸಿದ್ದು. ಕಾಕಾನಿಗೆ ಯಾರು ಹೇಳಿದರೆಂದು ನೀನು ಒಮ್ಮೆ ಬರೆದು ಕೇಳಿದೆ. ಉತ್ತರಿಸಲು ನನಗೆ ಇಷ್ಟು ದಿನ ಬೇಕಾಯಿತು.

ಕಸ್ತೂರಿ ಅವತ್ತಿನ ಮಾತನ್ನು ಮತ್ತೆ ಎತ್ತಿಲ್ಲ. ಒಮ್ಮೊಮ್ಮೆ ಬೆಳಗಿನ ಜೊಂಪಿನಲ್ಲಿ ಆ ಕೌದಿ ಕೆರೆಯ ಮೇಲೆ ತೇಲಿಹೋಗುತ್ತದೆ. ಅದರ ಮೇಲೆ ಇಬ್ಬರು ಮಲಗಿರುತ್ತಾರೆ. ನೀವೋ ನಾವೋ ತಿಳಿಯುವುದಿಲ್ಲ.

ಕ್ಷಮಿಸೆಂದು ಕೇಳುವುದಿಲ್ಲ. ಎಳ್ಳಮಾವಾಸ್ಯೆಗೆ ಬಾ. ಬಂದು ಬೈದು ಹೋದರೂ ಸರಿ.

ನಿನ್ನ ಅಕ್ಕ,
ಶಕುಂತಲಾ

ತಾ.ಕ.: ನಿನ್ನೆ ನಮ್ಮ ಕೌದಿಯನ್ನು ಬಿಸಿಲಿಗೆ ಗೋಡೆಯ ಮೇಲೆ ಹಾಕಿದ್ದೆ. ಕಾಕಾ ಬಂದರು. 'ನೋಡ್ರಿ ಕಾಕಾ, ಇದೂ ಅಷ್ಟ ಅಗಲ ಐತಿ. ನಂದು, ಕಸ್ತೂರೀದು' ಎಂದೆ. ಅಂಚು ಹಿಡಿದು ಪೂರಾ ಬಿಡಿಸಿ ತೋರಿಸಿದೆ. ಕಾಕಾ ಅದರ ಮೇಲೆ ಕೈಯಾಡಿಸಿ ನಕ್ಕರು: 'ಛಲೋ ಮಾಡೀರಿ ಬಿಡವಾ. ಹೆಣ್ಣಮಕ್ಕಳಿಗೆ ಥಂಡಿ ಭಾಳ.'