ಕೈಗೆ ಹೊಂದಿದ ಹಿಡಿ

ಕಂಬಂ
17 ನವೆಂಬರ್ 2024, ಭಾನುವಾರ

ಪ್ರೀತಿಯ ಜೆಯಲಕ್ಷ್ಮಿ ಅಕ್ಕನಿಗೆ,

ತಂಗಿ ತೇನ್‌ಮೊಳಿಯ ನಮಸ್ಕಾರ. ನಾನೂ ನಮ್ಮನೆಯವರೂ ಚೆನ್ನಾಗಿದ್ದೇವೆ. ಚಿನ್ನಾಳಪಟ್ಟಿಯಲ್ಲಿ ನೀನು, ಮಾಮ, ನಿವೇತಾ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ದೀಪಾವಳಿಗೆ ಬರೆದ ಕಾಗದಕ್ಕೆ ಈಗ ಉತ್ತರವೇ ಅಂತ ಮುನಿಸಿಕೊಳ್ಳಬೇಡ. ಬಲಗೈ ಹೆಬ್ಬೆರಳ ಬುಡ ಊದಿಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ‘ಸರಿ, ಚೆನ್ನಾಗಿರು’ ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆವರೆಗೂ ಓದಲೇಬೇಕು. ನಮ್ಮ ಮನೆಮಾತಾದ ಕನ್ನಡವನ್ನು ಎಂದಿನ ಹಾಗೆ ತಮಿಳಕ್ಷರದಲ್ಲೇ ಬರೆದಿದ್ದೇನೆ, ನಿಧಾನವಾಗಿ ಓದಿಕೋ.

ಮೊದಲು ಒಳ್ಳೆ ಸುದ್ದಿ. ಗುಂಡು ಹೊಡೆಯುವ ಪರೀಕ್ಷೆ ಪಾಸಾದೆ ಅಕ್ಕ! ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಗಿದೆ. ನಿನ್ನೆ ಮನೆಗೆ ಬಂದವಳು ಬೂಟೂ ಬಿಚ್ಚದೆ ನಿದ್ದೆಹೋದೆನಂತೆ, ಇವರು ಈಗಲೂ ಅದನ್ನೇ ಹೇಳಿಕೊಂಡು ನಗುತ್ತಿದ್ದಾರೆ.

ಎಸ್‌ಐ ಆದಮೇಲೆ ನನ್ನ ಸೊಂಟಕ್ಕೆ ರಿವಾಲ್ವರ್ ಬಂತಲ್ಲ, ಅದೇ ದೊಡ್ಡ ಪೀಡೆಯಾಗಿತ್ತು. ರೈಫಲ್ಲಾದರೆ ಭುಜಕ್ಕೆ ಆನಿಸಿಕೊಂಡು ಹೊಡೆಯಬಹುದು. ರಿವಾಲ್ವರಿಗೆ ಇರುವುದು ಬರೀ ಅಂಗೈ. ನನಗೆ ಸಿಕ್ಕಿದ್ದು ಹಳೇ ಕಾಲದ್ದು, ಕತ್ತೆ ಒದ್ದ ಹಾಗೆ ಒದೆಯುತ್ತದೆ. ಗುಂಡು ಹಾರಿತೋ ಇಲ್ಲವೋ, ಹಿಂದಕ್ಕೆ ಬಂದು ಹೆಬ್ಬೆರಳಿನ ಸಂದಿಗೆ ಗುದ್ದಿ ಮೂತಿಯನ್ನು ಆಕಾಶಕ್ಕೆ ಎತ್ತುತ್ತದೆ. ಅದರ ಮರದ ಹಿಡಿಯೂ ಸಪೂರ, ಮೈತುಂಬ ಗೀರು. ಕೆಲವು ಗುಂಡು ಹೊಡೆಯುವಷ್ಟರಲ್ಲಿ ಅಂಗೈ ಸುಲಿದು, ಟ್ರಿಗರ್ ಎಳೆಯುವ ಮೊದಲೇ ಗುರಿ ಸರಿದುಬಿಡುತ್ತಿತ್ತು. ಸಾಲದ್ದಕ್ಕೆ ನನ್ನ ಕಿರುಬೆರಳು ಮಡಿಚುವುದಿಲ್ಲ. ಹಿಡಿಯನ್ನು ಕೆಳಗಿನಿಂದ ಅದುಮಿ ಹಿಡಿಯಬೇಕಾದದ್ದು ಅದೇ ಬೆರಳು! ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದ್ದೆ. ಈ ಸಲವೂ ತಪ್ಪಿದ್ದರೆ ಠಾಣೆ ಬಿಟ್ಟು ಆಫೀಸಿನಲ್ಲಿ ಟಪಾಲು ವಿಂಗಡಿಸುತ್ತ ಕೂರಬೇಕಿತ್ತು. ಅಷ್ಟು ಕಷ್ಟಪಟ್ಟು ಪಡೆದ ಕೆಲಸ ಅಕ್ಕ, ಅನ್ನ ಇಳಿಯುತ್ತಿರಲಿಲ್ಲ.

ಹಿಡಿ ಬದಲಾಯಿಸಿಕೊಳ್ಳಲು ಸಾಹೇಬರು ಒಪ್ಪಿದರು. ಆಯುಧ ರಿಪೇರಿಯ ಪಾಂಡಿ ಒಂದು ಡಬ್ಬಿ ತುಂಬ ಹಿಡಿಗಳನ್ನು ತಂದು ಸುರಿದ. ದಪ್ಪಗಿದ್ದ ಒಂದು ರಬ್ಬರ್ ಹಿಡಿ ಎತ್ತಿ, “ಇದ ಪಾರುಂಗ ಮೇಡಂ, ತಲಗಾಣಿ ಮಾದಿರಿ!” ಅಂದ. ನಿಜಕ್ಕೂ ತಲೆದಿಂಬಿನ ಹಾಗೇ ಮೆತ್ತಗಿತ್ತು. ಸುಮ್ಮನೆ ಹಿಡಿದುಕೊಂಡಾಗ ಸ್ವರ್ಗ. ಹೊಡೆದಾಗ ಗೊತ್ತಾಯಿತು ಅದರ ಬಣ್ಣ. ಬೆರಳು ಟ್ರಿಗರಿಗೆ ಎಟುಕಲೆಂದು ಕೈಯನ್ನು ಓರೆ ಮಾಡಿದ್ದೆ, ಏಟೆಲ್ಲ ಹೆಬ್ಬೆರಳ ಕೀಲಿಗೇ ಬಿತ್ತು. ಊದಿಕೊಂಡದ್ದು ಆವಾಗಲೇ. ಇನ್ನೊಂದರಲ್ಲಿ ಬೆರಳು ಕೂರಲು ಹಳ್ಳಗಳಿದ್ದವು. ಯಾವ ಮೀಸೆಯವನ ಕೈ ನೋಡಿ ಅಳತೆ ತೆಗೆದರೋ, ನನ್ನ ಬೆರಳು ಹಳ್ಳ ಬಿಟ್ಟು ದಿಣ್ಣೆ ಮೇಲೆ ಕೂತವು.

ಡಬ್ಬಿಯ ತಳದಲ್ಲಿ ಕಪ್ಪಗೆ ಒಂದು ಬಿದ್ದಿತ್ತು. ಹಳ್ಳ ಇಲ್ಲ, ಗೀರು ಇಲ್ಲ, ದಪ್ಪ ಹದವಾಗಿದೆ. ಹಿಂಬದಿಯ ಕಬ್ಬಿಣವನ್ನು ಪೂರ್ತಿ ಮುಚ್ಚುತ್ತದೆ, ಟ್ರಿಗರ್ ಬಳೆಯ ಹಿಂದಿನ ಸಂದಿಯನ್ನೂ ತುಂಬುತ್ತದೆ. ಬುಡ ಸ್ವಲ್ಪ ಅಗಲವಾದ್ದರಿಂದ ಕಿರುಬೆರಳಿನ ಕೆಲಸವನ್ನು ಉಂಗುರದ ಬೆರಳೇ ಮಾಡಬಹುದು. ಹಿಡಿದರೆ ನಳಿಗೆ, ಮಣಿಕಟ್ಟು, ಮೊಳಕೈ ಒಂದೇ ಗೆರೆಯಲ್ಲಿ ನಿಂತವು. ಒದೆತ ಕಮ್ಮಿಯಾಗಲಿಲ್ಲ ಅಕ್ಕ, ಅಂಗೈ ತುಂಬ ಹಂಚಿಹೋಯಿತು. “ಇದುಲ ಅಳಗೇ ಇಲ್ಲಿಯೇ ಮೇಡಂ,” ಅಂತ ಪಾಂಡಿ ಮುಖ ಸಿಂಡರಿಸಿದ. ಅಂದವಾಗಿಲ್ಲವಂತೆ! ನಾನೇನು ಹೆಣ್ಣು ನೋಡಲು ಬಂದಿದ್ದೇನಾ ಅಂತ ಕೇಳಿದೆ.

ನಿನ್ನೆ ದಿಂಡುಕ್ಕಲ್ ಹತ್ತಿರದ ಮೈದಾನದಲ್ಲಿ ಪರೀಕ್ಷೆ. ಅದಕ್ಕೆ ಮುಂಚೆ ಅಭ್ಯಾಸಕ್ಕೆ ಕೆಲವು ಗುಂಡು ಕೊಡುತ್ತಾರೆ. ಕಿವಿಗೆ ಮುಚ್ಚಳ ಹಾಕಿಕೊಂಡು ನಿಂತಿದ್ದೆ. ಕಲಿಸುವ ಇನ್‌ಸ್ಪೆಕ್ಟರ್ ಕಾಳಿಮುತ್ತು ಸಾರ್ ಹಿಂದಿನಿಂದ “ಪುಡಿ! ಪುಡಿ!” ಅಂತ ಕೂಗಿದರು. ನನ್ನ ಬೆರಳೆಲ್ಲ ಸಡಿಲವಾದವು. ರಿವಾಲ್ವರ್ ಜಿಗಿದು ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು.

“ಪುಡಿನ್ನು ಸೊನ್ನಾ ಏಮ್ಮಾ ವಿಡುರೀಂಗ?” ಅಂತ ರೇಗಿದರು. ಹಿಡಿ ಅಂದರೆ ಯಾಕಮ್ಮ ಬಿಡುತ್ತೀರಿ ಅಂತ.

ನನಗೆ ಕೇಳಿಸಿದ್ದು ನಮ್ಮ ಮನೆಯ ‘ಬುಡು’, ಬಿಟ್ಟುಬಿಡು ಅಂತ. ದಿನವಿಡೀ ತಮಿಳಿನಲ್ಲೇ ಕೆಲಸ ಮಾಡುವವಳು ನಾನು, ಆದರೂ ಭಯದಲ್ಲಿ ಕಿವಿ ಅವ್ವನ ಮಾತಿಗೇ ಓಡಿತು. ಈಗ ಇಲ್ಲಿ ಬರೆಯುವಾಗಲೂ ನೋಡು, ತಮಿಳಕ್ಷರದಲ್ಲಿ ಎರಡಕ್ಕೂ ಮೊದಲ ಅಕ್ಷರ ಒಂದೇ.

ಅಲ್ಲಿ ನಿಂತಲ್ಲೇ ನಾವು ಚಿಕ್ಕವರಿದ್ದಾಗಿನ ಮಾರ್ಕಯನ್‌ಕೋಟ್ಟೈ ಬಾವಿ ಕಣ್ಣಮುಂದೆ ಬಂತು. ನಾವಿಬ್ಬರೂ ನಾ ಸೇದುತ್ತೀನಿ ನಾ ಸೇದುತ್ತೀನಿ ಅಂತ ಕಿತ್ತಾಡುತ್ತಿದ್ದೆವು. ಹಗ್ಗ ನಿನ್ನ ಕೈಯಲ್ಲಿತ್ತು, ನನ್ನ ಕೈ ರಾಟೆ ಮೇಲೆ. ಪಕ್ಕದ ಮನೆ ಕರುಪ್ಪಾಯಿ ಅದನ್ನು ನೋಡಿ ಕಿರುಚಿದಳು. ನೀನು ಹಗ್ಗ ಬಿಟ್ಟೆ, ತುಂಬಿದ ಕೊಡ ಇಳಿಯುತ್ತ ನನ್ನ ಕಿರುಬೆರಳನ್ನು ರಾಟೆಗೆ ಎಳೆದುಕೊಂಡಿತು. “ಅವ್ಳೇ ಬುಡು ಅಂದ್ಲವ್ವಾ,” ಅಂತ ನೀನು ಅತ್ತೆ. “ಐಯೋ, ನಾನ್ ಪುಡಿನ್ನುದಾನ್ ಸೊನ್ನೇನ್,” ಹಿಡಿ ಅಂತಲೇ ಹೇಳಿದ್ದು ಅಂತ ಕರುಪ್ಪಾಯಿ ತನ್ನ ತಮಿಳಿನಲ್ಲಿ ಆಣೆಯಿಟ್ಟಳು. ನೀವಿಬ್ಬರೂ ನಿಜವನ್ನೇ ಹೇಳಿದಿರಿ! ಆದರೆ ಜಗಳದ ಸಿಟ್ಟಿಗೆ ಬೇಕಂತಲೇ ಬಿಟ್ಟಳು, ಮೇಲೆ ಸುಳ್ಳು ಬೇರೆ ಅಂತ ಮನೆಮಂದಿಯೆಲ್ಲ ನಿನ್ನ ತಲೆಗೆ ಕಟ್ಟಿದರು. ದೊಡ್ಡವಳಾಗಿ, ಸರ್ಕಾರದ ಬಂದೂಕು ಹಿಡಿದು, ನಾನೂ ಅದೇ ತಪ್ಪು ಮಾಡಿದೆ ಅಕ್ಕ. ನೀನಾದರೋ ಆಗ ಮಗು.

ಕಾಳಿಮುತ್ತು ಸಾರ್ ಹತ್ತಿರ ಹೋಗಿ, ದಯವಿಟ್ಟು ಏನೂ ಕೂಗಬೇಡಿ, ನಾನೇ ಹಿಡಿದುಕೊಳ್ಳುತ್ತೇನೆ ಅಂದೆ. ಒಂದು ಥರ ನೋಡಿ ಹಿಂದೆ ಸರಿದರು. ಗುಂಡೆಲ್ಲ ಗುರಿಹಲಗೆಯ ಒಳಗೇ ಬಿದ್ದವು. ಫಲಿತಾಂಶ ಓದಿದಾಗ ಪಾಂಡಿಯ ಮುಂದೆಯೇ ಅತ್ತುಬಿಟ್ಟೆ. ಅವನು ಪಾಸಾದ ಖುಷಿಗೆ ಅಂದುಕೊಂಡ.

ಈ ಭಾಗವನ್ನು ಮಾಮನಿಗೆ, ನಿವೇತಾಗೆ ಓದಿ ಹೇಳು. ಅವ್ವನಿಗೆ ನಾನೇ ಹೋಗಿ ಹೇಳುತ್ತೇನೆ, ಬಿಡಿಸಿ ಬಿಡಿಸಿ ಹೇಳುತ್ತೇನೆ. ಮಾಮನಿಗೆ ನಮಸ್ಕಾರ. ನಿವೇತಾ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಂಗಿ,
ತೇನ್‌ಮೊಳಿ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ರಾಟೆಗೆ ಸಿಕ್ಕ ಬೆರಳಿನ ನೋವು ಒಂದು ಮಳೆಗಾಲಕ್ಕೇ ಮುಗಿಯಿತು ಅಕ್ಕ. ಆದರೆ ಆವತ್ತಿನಿಂದ ನೀನು ನನ್ನ ಜೊತೆ ಒಂದೇ ಒಂದು ಸಲವೂ ಜಗಳ ಆಡಲಿಲ್ಲ. ನಾನು ನಿನ್ನ ರಿಬ್ಬನ್ ಕದ್ದೆ, ನೀನು ಸುಮ್ಮನಿದ್ದೆ. ನಾನು ನಿನ್ನ ಪಾಲಿನ ಸಿಹಿ ತಿಂದೆ, ನೀನು ಇನ್ನಷ್ಟು ಬಡಿಸಿದೆ. ಊರೆಲ್ಲ ಎಂಥ ಒಳ್ಳೆ ಅಕ್ಕ ಅಂತ ಹೊಗಳಿತು. ನನಗೆ ಒಳ್ಳೆ ಅಕ್ಕ ಬೇಕಾಗಿರಲಿಲ್ಲ. ನನ್ನ ಜಡೆ ಹಿಡಿದು ಎಳೆಯುತ್ತಿದ್ದವಳು ಬೇಕಾಗಿತ್ತು. ಪೊಂಗಲ್‌ಗೆ ಬಾ. ಬಂದು ಏನಾದರೊಂದು ನೆಪ ತೆಗೆದು ನನ್ನನ್ನು ಚೆನ್ನಾಗಿ ಬೈ.