ಮೂರೇ ಕೊಂಬೆಯ ಮರ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ಹೋದ ವರ್ಷ ಜೂನ್‌ನಲ್ಲಿ, ನಿನ್ನ ಕೂಸು ತೀರಿಕೊಂಡ ಮಾರನೆಯ ವಾರ, ಆಸ್ಪತ್ರೆಯ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಸೋಂಕು ನಿಮ್ಮಿಂದಲೇ ಬಂದಿದ್ದಮ್ಮ, ಯಾರ ತಪ್ಪೂ ಅಲ್ಲ ಬಿಡಿ" ಎಂದರು. ಯಾರ ತಪ್ಪೂ ಅಲ್ಲ ಎನ್ನುತ್ತಲೇ ನಿನ್ನ ತಲೆಗೆ ಕಟ್ಟಿದರು. ಅಂದಿನಿಂದ ಕೈ ತೊಳೆದು ತೊಳೆದು ನಿನ್ನ ಬೆರಳ ಸಂದಿಗಳೆಲ್ಲ ಬಿರಿದಿವೆ. ನಿನ್ನ ದೊಡ್ಡ ಮಗಳು ಬಾಚಣಿಗೆ ಹಿಡಿದು ಬಂದರೆ "ಅಪ್ಪನ ಹತ್ರ ಹೋಗು" ಎನ್ನುತ್ತೀ. ಈ ಮಾತನ್ನು ಎದುರಿಗೆ ತೆಗೆದರೆ ಎದ್ದು ಹೋಗುತ್ತೀ ಎಂದೇ ಬರೆಯುತ್ತಿದ್ದೇನೆ.

ಅವರು ಅಂದು ತೋರಿಸಿದ ಚಿತ್ರವನ್ನು ನಾನು ಮರೆತಿಲ್ಲ. ರೋಗಾಣುಗಳ ವಂಶವೃಕ್ಷ, ಮೂರೇ ಕೊಂಬೆ. ಕೂಸಿನ ರಕ್ತದ್ದು, ಅದರ ಪಕ್ಕಕ್ಕೇ ನಿನ್ನ ಮೈಯದ್ದು, ದೂರದಲ್ಲಿ ಬೇರೆ ಯಾವುದೋ ಊರಿನದು. ಶಾಲೆಯಲ್ಲಿ ಅಷ್ಟು ವರ್ಷ ರಾಜವಂಶಗಳ ಮರ ಬರೆಸಿದ ನನಗೆ ಅದು ಅರ್ಥವಾಗಲಿಲ್ಲ. ನಿನಗೆ ವಾಕಿಂಗ್ ಎಂದು ಸುಳ್ಳು ಹೇಳಿ ನಾನು ಹೋಗುತ್ತಿದ್ದುದು ಅದನ್ನು ಕಲಿಸುವ ಸಂಜೆ ತರಗತಿಗೆ.

ಡಿಎನ್‌ಎ ಎಂದರೆ ನಾಲ್ಕೇ ಅಕ್ಷರಗಳ ಉದ್ದ ಸಾಲು. ಸಾಲುಗಳನ್ನು ಒಂದರ ಕೆಳಗೊಂದು ಹೊಂದಿಸಿ, ಎಲ್ಲೆಲ್ಲಿ ಬೇರೆಯೆಂದು ನೋಡಬೇಕು. ವ್ಯತ್ಯಾಸ ಕಡಿಮೆಯಾದಷ್ಟೂ ನೆಂಟಸ್ತಿಕೆ ಹತ್ತಿರ. ಮೊದಲ ದಿನ ಒಂದು ಅಕ್ಷರ ಉದುರಿದ್ದು ನನಗೆ ಕಾಣದೆ ಮುಂದಿನದೆಲ್ಲ ಪಕ್ಕಕ್ಕೆ ಸರಿದುಬಿಟ್ಟಿತ್ತು. "ಅಲ್ಲೊಂದು ಖಾಲಿ ಜಾಗ ಬಿಡಿ ಮೇಡಂ, ಇಲ್ದಿದ್ರೆ ಒಡಹುಟ್ಟಿದೋರೂ ಅಪರಿಚಿತರಾಗ್ತಾರೆ" ಎಂದು ಕಲಿಸುವ ಹುಡುಗಿ ನಕ್ಕಳು. ಆಸ್ಪತ್ರೆಯ ಚಿತ್ರವನ್ನು ನೆನಪಿನಿಂದ ಬಿಡಿಸಿ ತೋರಿಸಿದಾಗ ನಗಲಿಲ್ಲ. "ಮೂರೇ ಜನರನ್ನ ನಿಲ್ಲಿಸಿ ಯಾರಿಗೆ ಯಾರು ಹತ್ರ ಅಂದ್ರೆ, ಯಾರೋ ಇಬ್ರು ಜೋಡಿ ಆಗ್ಲೇಬೇಕಲ್ಲ. ಉಳಿದೋರೆಲ್ಲಿ?" ಎಂದಳು.

ಉಳಿದವರು ಆಸ್ಪತ್ರೆಯ ಪ್ರಯೋಗಾಲಯವೇ ಯಾರು ಬೇಕಾದರೂ ನೋಡಬಹುದಾದ ಇಂಟರ್ನೆಟ್ ಭಂಡಾರಕ್ಕೆ, ಎಲ್ಲಿಂದ, ಯಾವಾಗ ತೆಗೆದದ್ದೆಂಬ ವಿವರ ಸಮೇತ ಕೊಟ್ಟಿದ್ದ ಸಾಲುಗಳಲ್ಲಿದ್ದರು. ಎಲ್ಲರನ್ನೂ ಸೇರಿಸಿ ಮರ ಕಟ್ಟಿದೆವು. ಅದು ಆಕಸ್ಮಿಕವಲ್ಲವೆಂದು ಖಾತ್ರಿ ಮಾಡಿಕೊಳ್ಳಲು, ಅಕ್ಷರಗಳನ್ನು ಚೀಟಿ ಎತ್ತಿದಂತೆ ಮತ್ತೆ ಮತ್ತೆ ಆಯ್ದು, ಕಂಪ್ಯೂಟರಿನಲ್ಲಿ ಸಾವಿರ ಸಲ ಕಟ್ಟಿ ನೋಡಿದೆವು. ಪ್ರತಿ ಸಲವೂ ಕೂಸಿನದು ಹೋಗಿ ನಿಂತದ್ದು ಹೆರಿಗೆ ವಾರ್ಡಿನ ನಲ್ಲಿಯ ರೋಗಾಣುವಿನ ಪಕ್ಕ, ಅದೇ ವಾರ್ಡಿನ ಇನ್ನೆರಡು ಕೂಸುಗಳ ರೋಗಾಣುಗಳ ಜೊತೆ. ನಿನ್ನದು ಎಲ್ಲೋ ದೂರದ ಕೊಂಬೆಯಲ್ಲಿ.

ನಿನ್ನಿಂದ ಅಲ್ಲ, ಪುಟ್ಟಿ. ಇದರಿಂದ ಕೂಸು ಬರುವುದಿಲ್ಲ, ಬಲ್ಲೆ. ನಾಳೆ ದೊಡ್ಡವಳ ತಲೆ ನೀನೇ ಬಾಚು.

ನಿನ್ನ
ಅಕ್ಕ

ಮರೆತೆನೆಂದಲ್ಲ, ಬರೆಯಲು ಕೈ ಬರಲಿಲ್ಲ: ನಲ್ಲಿಯ ಮಾದರಿ ತೆಗೆದ ತಾರೀಖು ನಿನ್ನ ಹೆರಿಗೆಯ ಹಿಂದಿನ ವಾರದ್ದು. ಆ ಇನ್ನೆರಡು ಕೂಸುಗಳ ತಾಯಂದಿರಿಗೂ "ನಿಮ್ಮಿಂದಲೇ" ಎಂದಿದ್ದರಂತೆ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ನಲ್ಲಿಯ ವಿಷಯ ಗೊತ್ತಿದ್ದೂ ವಾರ್ಡನ್ನು ಏಕೆ ಮುಚ್ಚಲಿಲ್ಲ, ಆ ಸಾಲನ್ನು ಮರದಿಂದ ಕಿತ್ತವರು ಯಾರು? ಆಸ್ಪತ್ರೆಯವರು ಮೂವರು ತಾಯಂದಿರನ್ನೂ ಮುಂದೆ ಕೂರಿಸಿಕೊಂಡು, ಊರಿಗೆಲ್ಲ ಕೇಳುವಂತೆ ಉತ್ತರ ಹೇಳಲಿ.